ಬೇಲಿಯೊಳಗಿನ ಗಂಧ ಯಾರದು?

1973ರಲ್ಲಿ ಬಂದ ‘ಗಂಧದ ಗುಡಿ’ ಚಿತ್ರದಲ್ಲಿ ರಾಜ್‌ಕುಮಾರ್ ಅರಣ್ಯಾಧಿಕಾರಿ. ಕಾಡುಗಳ್ಳರನ್ನು ಸದೆಬಡಿಯುವ ಪಾತ್ರ. ಇಪ್ಪತ್ತೇಳು ವರ್ಷಗಳ ತರುವಾಯ, 2000ದ ಜುಲೈ 30ರ ರಾತ್ರಿ, ಚಾಮರಾಜನಗರದ ಗಡಿ ದಾಟಿದರೆ ಸಿಗುವ ಗಾಜನೂರಿನ ಮನೆಯಿಂದ ಅದೇ ರಾಜ್‌ಕುಮಾರರನ್ನು ಗಂಧದ ಕಳ್ಳನೊಬ್ಬ ಕಾಡಿಗೆ ಕರೆದೊಯ್ದ. ನೂರೆಂಟು ದಿನ ಕರ್ನಾಟಕ ಉಸಿರು ಬಿಗಿಹಿಡಿದು ಕೂತಿತ್ತು. ಕಥೆಗಾರ ಬರೆದಿದ್ದರೆ ‘ಇದು ಅತಿಯಾಯಿತು’ ಎಂದು ಸಂಪಾದಕರು ಹಿಂದಿರುಗಿಸುತ್ತಿದ್ದರು.

ಆ ಕಳ್ಳನ ಮೇಲೆ ಪುಸ್ತಕಗಳು ಬಂದವು, ಸಿನಿಮಾಗಳು ಬಂದವು. ಅವನ ಮೀಸೆಯ ಚಿತ್ರ ನೋಡದ ಮಕ್ಕಳಿಲ್ಲ. ಅವನಿಗೆ ಅನ್ನ ಹಾಕಿದ ಮರದ ಬಗ್ಗೆ ವಿಚಾರಿಸಿದವರು ಮಾತ್ರ ಕಡಿಮೆ. ಗಂಧದ ಮರ ಅಷ್ಟೊಂದು ಬೆಲೆಬಾಳುವುದಾದರೆ ಗುಂಡ್ಲುಪೇಟೆಯ ರೈತ ಅರಿಸಿನ, ಟೊಮೆಟೊ, ಸಣ್ಣ ಈರುಳ್ಳಿ ಬೆಳೆದು ಬೆಲೆ ಬಿದ್ದಾಗ ತಲೆ ಮೇಲೆ ಕೈ ಹೊತ್ತು ಕೂರುವುದೇಕೆ? ಬದುವಿನಲ್ಲಿ ಹತ್ತು ಗಂಧದ ಗಿಡ ನೆಟ್ಟು ಮಗಳ ಮದುವೆಗೆ ಕಡಿದು ಮಾರಬಹುದಿತ್ತಲ್ಲ? ಹತ್ತನೇ ತರಗತಿಯ ಹುಡುಗನೂ ಕೇಳಬಹುದಾದ ಪ್ರಶ್ನೆ. ಇದರ ಉತ್ತರ ಇರುವುದು ಕಾನೂನಿನಲ್ಲಿ.

ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ್ದು 1792ರಲ್ಲಿ. ಶ್ರೀರಂಗಪಟ್ಟಣದ ಒಪ್ಪಂದ ಆದದ್ದೂ ಅದೇ ವರ್ಷ. ಅರ್ಧ ರಾಜ್ಯ ಕೈಬಿಟ್ಟುಹೋಗಿತ್ತು. ಮೇಲೆ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯ ದಂಡ. ಖಜಾನೆಗೆ ಹಣ ಬೇಕಾದ ದೊರೆಯ ಕಣ್ಣು ಮರದ ಮೇಲೆ ಬಿತ್ತೆಂದು ಊಹಿಸಿದರೆ ತಪ್ಪಾಗದು. ಟಿಪ್ಪುವನ್ನು ಸೋಲಿಸಿದವರು ಅವನ ಎಷ್ಟೋ ಕಟ್ಟಳೆಗಳನ್ನು ಅಳಿಸಿಹಾಕಿದರು. ಇದೊಂದನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡರು! ಆದಾಯ ತರುವ ಕಟ್ಟಳೆಯನ್ನು ಯಾವ ಸರ್ಕಾರ ತಾನೇ ಬಿಟ್ಟೀತು? ಮೈಸೂರು ಸಂಸ್ಥಾನದ ಉದ್ದಗಲಕ್ಕೂ ಗಂಧದ ಕೋಠಿಗಳೆದ್ದವು. ಹಾಸನದಲ್ಲಿ ‘ಗಂಧದ ಕೋಠಿ’ ಎಂಬ ಹೆಸರು ಇವತ್ತಿಗೂ ಜನರ ಬಾಯಲ್ಲಿದೆ. ಮೊದಲನೆಯ ಮಹಾಯುದ್ಧದಲ್ಲಿ ಯುರೋಪಿಗೆ ಹೋಗುತ್ತಿದ್ದ ಗಂಧ ನಿಂತುಹೋದಾಗ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1916ರಲ್ಲಿ ಇಲ್ಲೇ ಎಣ್ಣೆ ತೆಗೆಯುವ ಕೆಲಸ ಆರಂಭವಾಯಿತು. ಮೈಸೂರು ಸ್ಯಾಂಡಲ್ ಸೋಪಿನ ಪರಿಮಳದ ಹಿಂದೆ ಇರುವುದು ಈ ಕಥೆ. ಅದನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಒಳ್ಳೆಯ ಸೋಪು, ಒಳ್ಳೆಯ ಕಾರ್ಖಾನೆ.

ಸ್ವಾತಂತ್ರ್ಯ ಬಂದ ಮೇಲೂ ರಾಜವೃಕ್ಷ ರಾಜವೃಕ್ಷವಾಗಿಯೇ ಉಳಿಯಿತು. ರಾಜ ಹೋಗಿ ಇಲಾಖೆ ಬಂತು, ಅಷ್ಟೆ. 1963ರ ಕರ್ನಾಟಕ ಅರಣ್ಯ ಕಾಯಿದೆಯಲ್ಲಿಯೂ ಹಳೆಯ ಪದ್ಧತಿಯೇ ಮುಂದುವರಿಯಿತು. ಮರ ಕಾಡಿನಲ್ಲಿರಲಿ, ಹೊಲದಲ್ಲಿರಲಿ, ಹಿತ್ತಲಿನಲ್ಲಿರಲಿ, ಗಂಧದ ಮರವಾದರೆ ಅದು ಸರ್ಕಾರದ್ದು. ಕಡಿಯುವವರು ಇಲಾಖೆಯವರು, ಕೊಂಡೊಯ್ಯುವವರು ಅವರು, ಹರಾಜು ಹಾಕುವವರೂ ಅವರೇ. ಜಮೀನಿನವನಿಗೆ ಸರ್ಕಾರ ಗೊತ್ತುಮಾಡಿದ ಒಂದು ಪಾಲು, ಅದೂ ಕಾಗದಪತ್ರಗಳೆಲ್ಲ ಮುಗಿದ ಮೇಲೆ. ಆದರೆ ಕಾವಲಿನ ಹೊಣೆ ಮಾತ್ರ ರೈತನದು. ಕಳ್ಳತನವಾದರೆ ಮೊದಲು ವಿಚಾರಣೆಗೆ ನಿಲ್ಲಬೇಕಾದವನು ಅವನೇ.

ಈಗ ಗುಂಡ್ಲುಪೇಟೆಯ ಆ ಬದುವಿನ ಬಳಿ ನಿಂತು ನೋಡಿ. ಹಕ್ಕಿಯೊಂದು ಗಂಧದ ಹಣ್ಣು ತಿಂದು ಬೀಜ ಉದುರಿಸಿ ಹೋಗಿದೆ. ಹೊಂಗೆಯ ಮರದ ಕೆಳಗೆ ಪುಟ್ಟ ಸಸಿ ಎದ್ದಿದೆ. ಗಂಧ ಅರೆಪರಾವಲಂಬಿ, ಪಕ್ಕದ ಗಿಡದ ಬೇರಿಗೆ ತನ್ನ ಬೇರು ಚುಚ್ಚಿ ಆಹಾರ ಹೀರುತ್ತದೆ, ಆದ್ದರಿಂದಲೇ ಬದುವಿನ ಬೇಲಿಸಾಲು ಅದಕ್ಕೆ ಹೇಳಿಮಾಡಿಸಿದ ಜಾಗ. ಚೇಗು ಕಟ್ಟಲು ಹತ್ತು ವರ್ಷವಾದರೂ ಬೇಕು, ಒಳ್ಳೆಯ ಬೆಲೆ ಬರಲು ಇನ್ನಷ್ಟು. ರೈತ ಆ ಸಸಿಯನ್ನು ನೋಡುತ್ತಾನೆ. ಉಳಿಸಿಕೊಂಡರೆ ಮರ ಸರ್ಕಾರಕ್ಕೆ, ನಿದ್ದೆಗೇಡು ತನಗೆ. ಬಗ್ಗಿ ಎರಡು ಬೆರಳಲ್ಲಿ ಕಿತ್ತು ಆಚೆಗೆಸೆಯುತ್ತಾನೆ.

ಆ ರೈತ ದಡ್ಡನಲ್ಲ, ಪರಿಸರದ್ರೋಹಿಯೂ ಅಲ್ಲ. ಅವನ ಲೆಕ್ಕ ಸರಿಯಾಗಿಯೇ ಇದೆ. ಗಂಧವನ್ನು ಉಳಿಸಲೆಂದು ಮಾಡಿದ ಕಾನೂನು ಗಂಧದ ಸಸಿ ಕೀಳುವುದನ್ನೇ ಲಾಭದ ಕೆಲಸವನ್ನಾಗಿ ಮಾಡಿತು. 1950ರ ದಶಕದಲ್ಲಿ ಭಾರತದಲ್ಲಿ ವರ್ಷಕ್ಕೆ ಸುಮಾರು 4,000 ಟನ್ ಚೇಗು ಸಿಗುತ್ತಿತ್ತು. 2007ರ ಹೊತ್ತಿಗೆ ಅದು 500 ಟನ್ನಿನ ಆಸುಪಾಸಿಗೆ ಇಳಿದಿತ್ತು. ಸ್ಪೈಕ್ ರೋಗ, ಕಾಡಿನ ಬೆಂಕಿ, ಕಳ್ಳತನ, ಎಲ್ಲವೂ ಇದರಲ್ಲಿ ಪಾಲುದಾರರು. ಆದರೆ ಕಡಿದ ಜಾಗದಲ್ಲಿ ಹೊಸದಾಗಿ ನೆಡುವವರು ಯಾರೂ ಇರಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಇಂಥ ಲೆಕ್ಕಗಳನ್ನು ಹಿಡಿದುಕೊಂಡು ವಾದಿಸುವ ಒಂದು ಚಿಂತನೆಯ ಪಂಥವಿದೆ. ಇಂಗ್ಲಿಷಿನಲ್ಲಿ ಅವರನ್ನು ಲಿಬರ್ಟೇರಿಯನ್ನರು ಎನ್ನುತ್ತಾರೆ. ನಿಘಂಟು ನೋಡಿ ‘ಸ್ವೇಚ್ಛಾವಾದಿಗಳು’ ಎಂದರೆ ಮನೆಯಲ್ಲಿ ತಂದೆತಾಯಿಯರು ಪತ್ರಿಕೆ ಕಿತ್ತುಕೊಂಡಾರು. ಆದ್ದರಿಂದ ಸ್ವಾತಂತ್ರ್ಯವಾದಿಗಳು ಎನ್ನೋಣ. ಅವರ ಮಾತು ಸ್ಥೂಲವಾಗಿ ಹೀಗೆ: ಒಬ್ಬನ ದುಡಿಮೆ, ಅದರ ಫಲ ಅವನದು. ಅದನ್ನು ಯಾರಿಗೆ, ಎಷ್ಟಕ್ಕೆ ಮಾರಬೇಕೆಂಬುದು ಅವನ ಇಷ್ಟ. ಸರ್ಕಾರದ ಕೆಲಸ ಕಳ್ಳನನ್ನು ಹಿಡಿಯುವುದು, ಮಾತಿಗೆ ತಪ್ಪಿದವನನ್ನು ನ್ಯಾಯಾಲಯಕ್ಕೆ ಎಳೆಯುವುದು, ವ್ಯಾಪಾರ ಮಾಡುವುದಲ್ಲ. ನಮ್ಮ ದೇಶದಲ್ಲಿ ಈ ಮಾತನ್ನು ರಾಜಕೀಯಕ್ಕೆ ತಂದವರು ರಾಜಾಜಿ. 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ ‘ಪರ್ಮಿಟ್–ಲೈಸೆನ್ಸ್ ರಾಜ್ಯ’ವನ್ನು ಜರೆದರು. 1967ರ ಲೋಕಸಭೆಯಲ್ಲಿ ಆ ಪಕ್ಷಕ್ಕೆ 44 ಸ್ಥಾನ ಸಿಕ್ಕಿತು. ಮುಂದೆ ಅದು ಕರಗಿಹೋಯಿತು.

ಈ ಪಂಥದ ದೊಡ್ಡ ಪಂಡಿತ ಆಸ್ಟ್ರಿಯದಲ್ಲಿ ಹುಟ್ಟಿದ ಫ್ರೀಡ್ರಿಕ್ ಹಯೆಕ್, 1974ರಲ್ಲಿ ನೊಬೆಲ್ ಪಡೆದವರು. 1945ರ ಒಂದು ಪ್ರಬಂಧದಲ್ಲಿ ಅವರು ಹೇಳಿದ್ದನ್ನು ನಮ್ಮ ಕಡೆಯ ಅರಿಸಿನಕ್ಕೆ ಹೊಂದಿಸಿ ನೋಡಬಹುದು. ಈರೋಡಿನ ಮಾರುಕಟ್ಟೆಯಲ್ಲಿ ಅರಿಸಿನದ ಬೆಲೆ ಏರಿತೆನ್ನಿ. ಏಕೆ ಏರಿತೆಂದು ಗುಂಡ್ಲುಪೇಟೆಯ ರೈತನಿಗೆ ತಿಳಿಯಬೇಕಾಗಿಲ್ಲ. ಎಲ್ಲೋ ಮಳೆ ಹೋಗಿರಬಹುದು, ಎಲ್ಲೋ ಬೇಡಿಕೆ ಹೆಚ್ಚಿರಬಹುದು. ಬೆಲೆಯೊಂದೇ ಅವನಿಗೆ ಸಾಕು. ಮುಂದಿನ ಮುಂಗಾರಿನಲ್ಲಿ ಅರ್ಧ ಎಕರೆ ಹೆಚ್ಚು ಹಾಕುತ್ತಾನೆ. ಲಕ್ಷಾಂತರ ಜನರಿಗೆ ಚೂರುಚೂರಾಗಿ ಗೊತ್ತಿರುವ ಸಂಗತಿಗಳನ್ನು ಬೆಲೆಯೆಂಬ ಒಂದು ಅಂಕಿ ಹೊತ್ತು ತರುತ್ತದೆ. ಬೆಂಗಳೂರಿನ ಕಚೇರಿಯಲ್ಲಿ ಕೂತ ಎಂಥ ಬುದ್ಧಿವಂತ ಅಧಿಕಾರಿಗೂ ಅಷ್ಟೆಲ್ಲ ತಿಳಿಯಲಾರದು. ಗಂಧದ ವಿಷಯದಲ್ಲಿ ಆದದ್ದು ಇದೇ. ಬೆಲೆ ಏರುತ್ತಲೇ ಇತ್ತು, ಆದರೆ ಆ ಸುದ್ದಿ ನೆಡುವವನ ಕಿವಿಗೆ ಬೀಳಲಿಲ್ಲ. ಬಿದ್ದದ್ದು ಕದಿಯುವವನ ಕಿವಿಗೆ.

ಕದಿಯುವವನು ಯಾರೆಂದು ಬಿಡಿಸಿ ಹೇಳಬೇಕಿಲ್ಲ. ವೀರಪ್ಪನ್ ಹುಟ್ಟಿದ್ದು ಗೋಪಿನಾಥಂನಲ್ಲಿ. ಅದು ಆಗ ಕೊಳ್ಳೇಗಾಲ ತಾಲ್ಲೂಕು, ಇಂದು ಹನೂರು ತಾಲ್ಲೂಕು. 1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಅವನು ಕೊಂದ. ಶರಣಾಗುವೆನೆಂದು ನಂಬಿಸಿ, ನಿರಾಯುಧರಾಗಿ ಬಂದವರನ್ನು. ಗೋಪಿನಾಥಂನ ಜನರ ಬದುಕು ಹಸನಾಗಲೆಂದು ದುಡಿದ ಅಧಿಕಾರಿ ಅವರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬಿಗೆ 22 ಮಂದಿ ಬಲಿಯಾದರು. 1997ರ ಅಕ್ಟೋಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರದಿಂದ ಕೃಪಾಕರ–ಸೇನಾನಿಯವರನ್ನು ಹೊತ್ತೊಯ್ದು ಹದಿನಾಲ್ಕು ದಿನ ಒತ್ತೆಯಿಟ್ಟುಕೊಂಡ. 2002ರ ಆಗಸ್ಟಿನಲ್ಲಿ ಕಾಮಗೆರೆಯ ಮನೆಯಿಂದ ಮಾಜಿ ಸಚಿವ ಎಚ್. ನಾಗಪ್ಪನವರ ಅಪಹರಣವಾಯಿತು, ಡಿಸೆಂಬರಿನಲ್ಲಿ ಸಿಕ್ಕಿದ್ದು ಅವರ ಶವ. 2004ರ ಅಕ್ಟೋಬರ್ 18ರಂದು ತಮಿಳುನಾಡಿನ ಪೊಲೀಸರು ಅವನನ್ನು ಕೊಲ್ಲುವವರೆಗೆ ಈ ಪಟ್ಟಿ ಬೆಳೆಯುತ್ತಲೇ ಹೋಯಿತು.

ಇನ್ನೊಂದು ಪಟ್ಟಿಯೂ ಉಂಟು, ಅದನ್ನು ನೆನೆಯುವವರು ಕಡಿಮೆ. ಕಾಡಂಚಿನ ಹಳ್ಳಿಗಳ ಜನ ಹಗಲಿನಲ್ಲಿ ವಿಶೇಷ ಕಾರ್ಯಪಡೆಗೆ, ಇರುಳಿನಲ್ಲಿ ಅವನಿಗೆ ಹೆದರಿ ಬದುಕಿದರು. ಕಾರ್ಯಪಡೆಯ ಶಿಬಿರಗಳಲ್ಲಿ ತಮಗೆ ಚಿತ್ರಹಿಂಸೆಯಾಯಿತೆಂಬ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಸಮಿತಿ ನೇಮಿಸಿತು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಆಯೋಗ ಹೇಳಿತು. ಸ್ವಾತಂತ್ರ್ಯವಾದಿಗಳು ಇದನ್ನೂ ಏಕಸ್ವಾಮ್ಯದ ಖರ್ಚಿನ ಪುಸ್ತಕಕ್ಕೆ ಬರೆಯುತ್ತಾರೆ. ಮರವನ್ನು ಕಾಯಲು ಇಲಾಖೆ, ಇಲಾಖೆಯನ್ನು ಕಾಯಲು ಪೊಲೀಸು, ಪೊಲೀಸರಿಂದ ಜನರನ್ನು ಕಾಯಲು ಆಯೋಗ!

ಈ ವಾದದಲ್ಲಿ ಹುರುಳಿದೆ, ಆದರೆ ಪೂರ್ತಿ ಒಪ್ಪಲು ನಾನು ಸಿದ್ಧನಿಲ್ಲ. ಆ ಮನುಷ್ಯ ಗಂಧಕ್ಕೆ ಕೈಹಾಕುವ ಮುಂಚೆ ಆನೆಗಳನ್ನು ಕೊಂದು ದಂತ ಮಾರುತ್ತಿದ್ದ. ರೈತನ ಹೊಲದಲ್ಲಿ ಎಷ್ಟೇ ಗಂಧ ಬೆಳೆದಿದ್ದರೂ ಆನೆಗಳು ಬದುಕುತ್ತಿರಲಿಲ್ಲ. ಕೊಲೆಗಡುಕನ ಕೈಯಲ್ಲಿ ಬಂದೂಕಿಟ್ಟದ್ದು ಕಾಯಿದೆಯೊಂದೇ ಎನ್ನುವುದು ಶ್ರೀನಿವಾಸರಂಥವರಿಗೆ ಮಾಡುವ ಅನ್ಯಾಯ. ಆದರೆ ಹೊಲಗಳಲ್ಲಿ ಗಂಧ ಯಥೇಚ್ಛವಾಗಿದ್ದು ಸಂತೆಯಲ್ಲಿ ಸಿಗುವಂತಿದ್ದರೆ ಕದ್ದ ಗಂಧಕ್ಕೆ ಅಷ್ಟು ಬೆಲೆ ಇರುತ್ತಿತ್ತೇ ಎಂಬ ಪ್ರಶ್ನೆಗೆ ಮಾತ್ರ ನಮ್ಮ ಅಧಿಕಾರಿಗಳಿಂದ ಸರಿಯಾದ ಉತ್ತರ ಬಂದದ್ದು ನಾನು ಕಂಡಿಲ್ಲ.

ಕೊನೆಗೂ 2001ರಲ್ಲಿ ರಾಜ್ಯ ಸರ್ಕಾರ ಕಾಯಿದೆ ತಿದ್ದಿತು. ಜಮೀನಿನಲ್ಲಿರುವ ಗಂಧದ ಮರಕ್ಕೆ ಜಮೀನಿನ ಒಡೆಯನೇ ಹಕ್ಕುದಾರನಾದ. ಟಿಪ್ಪುವಿನಿಂದ ಲೆಕ್ಕ ಹಾಕಿದರೆ ಇನ್ನೂರ ಒಂಬತ್ತು ವರ್ಷ! ಅಷ್ಟಾದರೂ ಮಾರುವ ಬಾಗಿಲು ಬಹುಕಾಲ ಒಂದೇ ಇತ್ತು: ಇಲಾಖೆಗೋ ಸರ್ಕಾರ ಹೇಳಿದ ಸಂಸ್ಥೆಗೋ ಕೊಡಬೇಕು. ಮಾರುವ ಸ್ವಾತಂತ್ರ್ಯವಿಲ್ಲದ ಒಡೆತನ ಅರ್ಧ ಒಡೆತನ. ಅಷ್ಟರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಕುನುನುರಾ ಎಂಬಲ್ಲಿ, ನಮ್ಮದೇ ತಳಿಯ ಶ್ರೀಗಂಧವನ್ನು ಸಾವಿರಾರು ಎಕರೆಯಲ್ಲಿ ನೆಟ್ಟ ಖಾಸಗಿ ಕಂಪನಿಗಳು 2014ರ ಹೊತ್ತಿಗೆ ಕೊಯ್ಲನ್ನೂ ಆರಂಭಿಸಿದ್ದವು. ಇದನ್ನು ಕೇಳಿ ಖಾಸಗಿಯವರಿಗೆ ಬಿಟ್ಟರೆ ಎಲ್ಲವೂ ಸರಿ ಎನ್ನಬೇಡಿ. ಅಲ್ಲಿನ ಅತಿ ದೊಡ್ಡ ಗಂಧದ ಕಂಪನಿ ಕ್ವಿಂಟಿಸ್ 2018ರ ಜನವರಿಯಲ್ಲಿ ಸಾಲ ತೀರಿಸಲಾಗದೆ ಆಡಳಿತಾಧಿಕಾರಿಗಳ ಕೈಸೇರಿತು. ಷೇರು ಕೊಂಡವರು ಕೈಸುಟ್ಟುಕೊಂಡರು. ಸ್ವಾತಂತ್ರ್ಯವಾದಿ ಇದಕ್ಕೆ ಅಂಜುವುದಿಲ್ಲ. ನಷ್ಟವಾದದ್ದು ತಾವಾಗಿ ಹಣ ಹೂಡಿದವರಿಗೆ, ಯಾವ ಹಳ್ಳಿಗೂ ಅಲ್ಲ ಎನ್ನುತ್ತಾನೆ. ಮರಗಳಂತೂ ಅಲ್ಲೇ ನಿಂತಿವೆಯಲ್ಲ!

ಇದೇ ಪಂಥದವರು ಮರದಿಂದ ನೋಟಿಗೆ ಬರುತ್ತಾರೆ. ಇಲ್ಲಿ ಕೊಂಚ ನಿಧಾನಿಸಬೇಕು. ಗಂಧದ ಹಾಗೆ ಹಣವೂ ಸರ್ಕಾರದ ಏಕಸ್ವಾಮ್ಯ ಎಂಬುದು ಅವರ ವಾದ. ನಮ್ಮಲ್ಲಿ ಆ ಕೆಲಸ 1935ರ ಏಪ್ರಿಲ್ 1ರಂದು ಹುಟ್ಟಿದ ರಿಸರ್ವ್ ಬ್ಯಾಂಕಿನದು. 1949ರಲ್ಲಿ ಅದು ರಾಷ್ಟ್ರೀಕರಣವಾಯಿತು. (ಒಂದು ರೂಪಾಯಿ ನೋಟನ್ನು ಮಾತ್ರ ಹಣಕಾಸು ಸಚಿವಾಲಯ ಹೊರಡಿಸುತ್ತದೆ. ರಸಪ್ರಶ್ನೆಗೆ ಹೋಗುವ ಮಕ್ಕಳು ನೆನಪಿಡಿ.) ನೋಟು ಎಷ್ಟು ಇರಬೇಕೆಂದು ಒಂದೇ ಕಚೇರಿ ನಿರ್ಧರಿಸುವಾಗ, ಖರ್ಚಿಗೆ ಹಣ ಸಾಲದ ಸರ್ಕಾರ ಆ ಕಚೇರಿಯ ಕದ ತಟ್ಟುವುದು ಖಂಡಿತ. ಹಯೆಕ್ 1976ರಲ್ಲಿ ಒಂದು ಪುಸ್ತಕ ಬರೆದು, ಹಣ ಹೊರಡಿಸುವುದನ್ನೂ ಖಾಸಗಿ ಬ್ಯಾಂಕುಗಳ ಪೈಪೋಟಿಗೆ ಬಿಡಿ ಎಂದರು.

ಹಯೆಕ್‌ರ ಉಪನ್ಯಾಸಗಳನ್ನು ಲಂಡನ್ನಿನಲ್ಲಿ ಕೇಳಿಬಂದ ನಮ್ಮವರೊಬ್ಬರಿದ್ದರು: ಆಗಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ 1905ರಲ್ಲಿ ಹುಟ್ಟಿದ ಬಿ. ಆರ್. ಶೆಣೈ. ರಿಸರ್ವ್ ಬ್ಯಾಂಕಿನಲ್ಲೇ ಕೆಲಸ ಮಾಡಿ ಒಳಹೊರಗು ತಿಳಿದವರು. 1955ರಲ್ಲಿ ಎರಡನೆಯ ಪಂಚವಾರ್ಷಿಕ ಯೋಜನೆಯ ಬಗ್ಗೆ ಅಭಿಪ್ರಾಯ ಹೇಳಲು ಸೇರಿದ್ದ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ ಎಲ್ಲರೂ ಹೌದೆಂದಾಗ ಒಬ್ಬರೇ ಅಲ್ಲವೆಂದು ಬರೆದುಕೊಟ್ಟರು. ಉಳಿತಾಯವಿಲ್ಲದೆ ನೋಟು ಹೆಚ್ಚಿಸಿ ಯೋಜನೆ ನಡೆಸಿದರೆ ಬೆಲೆ ಏರುತ್ತದೆ, ವಿದೇಶೀ ವಿನಿಮಯ ಕರಗುತ್ತದೆ ಎಂಬುದು ಅವರ ಎಚ್ಚರಿಕೆ. ಯೋಜನೆಯಲ್ಲಿ 1,200 ಕೋಟಿ ರೂಪಾಯಿಯ ಕೊರತೆ ಹಣಕಾಸು ಇತ್ತು. ಅವರ ಮಾತು ಯಾರೂ ಕೇಳಲಿಲ್ಲ. 1957ರಲ್ಲೇ ವಿದೇಶೀ ವಿನಿಮಯದ ಬಿಕ್ಕಟ್ಟು ಬಂತು. 1966ರ ಜೂನ್ 6ರಂದು ಡಾಲರಿಗೆ 4.76 ಇದ್ದ ರೂಪಾಯಿ 7.50ಕ್ಕೆ ಇಳಿಯಿತು. ಎರಡು ಯುದ್ಧ, ಬರಗಾಲ ಇವೂ ಕಾರಣವಾಗಿದ್ದವು. ಆದರೂ ಅವರ ಟಿಪ್ಪಣಿಯನ್ನು ಇಂದು ಓದಿದವರು ತಲೆದೂಗುತ್ತಾರೆ.

ಬೆಲೆಯೇರಿಕೆಗೂ ಗಂಧದ ಸಸಿಗೂ ಏನು ಸಂಬಂಧವೆಂದು ಕೇಳುವವರು ಒಂದು ಸಣ್ಣ ಲೆಕ್ಕ ಮಾಡಿ. 72ನ್ನು ಬೆಲೆಯೇರಿಕೆಯ ದರದಿಂದ ಭಾಗಿಸಿದರೆ ಹಣದ ಬೆಲೆ ಅರ್ಧವಾಗಲು ಎಷ್ಟು ವರ್ಷ ಬೇಕೆಂದು ಸುಮಾರಾಗಿ ತಿಳಿಯುತ್ತದೆ. ಶೇಕಡಾ 6ರ ದರವಾದರೆ 12 ವರ್ಷ. ಅರಿಸಿನ ಮಾರಿದ ಒಂದು ಲಕ್ಷವನ್ನು ಅಪ್ಪ ಟ್ರಂಕಿನಲ್ಲಿ ಇಟ್ಟರೆ, ಒಂದನೇ ತರಗತಿಗೆ ಸೇರಿದ ಮಗಳು ಪಿಯುಸಿ ಮುಗಿಸುವಾಗ ಅದು ಕೊಳ್ಳುವುದು ಐವತ್ತು ಸಾವಿರದ ಸಾಮಾನು. ಟ್ರಂಕಿನ ಬೀಗ ಯಾರೂ ಮುರಿದಿಲ್ಲ. 2016ರಲ್ಲಿ ಕಾಯಿದೆ ತಿದ್ದಿ, ಬೆಲೆಯೇರಿಕೆಯನ್ನು ಶೇಕಡಾ 4ರ ಸುತ್ತ, ಹೆಚ್ಚೆಂದರೆ 6ರೊಳಗೆ ಹಿಡಿದಿಡುವ ಹೊಣೆಯನ್ನು ರಿಸರ್ವ್ ಬ್ಯಾಂಕಿಗೆ ಹೊರಿಸಿದ್ದು ಈ ದೃಷ್ಟಿಯಿಂದ ಒಳ್ಳೆಯದೇ. ಆದರೆ ಅದೇ ವರ್ಷ ನವೆಂಬರ್ 8ರ ರಾತ್ರಿ ಎಂಟು ಗಂಟೆಗೆ ಆದದ್ದೇನು? ಚಲಾವಣೆಯಲ್ಲಿದ್ದ ಹಣದ ಮೊತ್ತದಲ್ಲಿ ಶೇಕಡಾ 86ರಷ್ಟಿದ್ದ ಐನೂರು, ಸಾವಿರದ ನೋಟುಗಳು ಮಧ್ಯರಾತ್ರಿಗೆ ಅಮಾನ್ಯವಾದವು. ಕಳೆ ಕೀಳುವ ಕೂಲಿಯನ್ನು ನೋಟಿನಲ್ಲೇ ಎಣಿಸಿ ಕೊಡುವ ನಮ್ಮ ತಾಲ್ಲೂಕುಗಳಲ್ಲಿ ಆ ವಾರಗಳನ್ನು ಮರೆತವರಿಲ್ಲ. ಆ ನೋಟುಗಳಲ್ಲಿ ಶೇಕಡಾ 99ಕ್ಕೂ ಹೆಚ್ಚು ಬ್ಯಾಂಕಿಗೆ ಹಿಂದಿರುಗಿ ಬಂದವೆಂದು ರಿಸರ್ವ್ ಬ್ಯಾಂಕೇ 2018ರಲ್ಲಿ ಲೆಕ್ಕ ಕೊಟ್ಟಿತು. ನಿಮ್ಮ ಬದುವಿನ ಮರ ನಿಮ್ಮದಲ್ಲ ಎಂದ ಕಾನೂನಿಗೂ, ನಿಮ್ಮ ಪೆಟ್ಟಿಗೆಯ ಹಣ ನಾಳೆ ಹಣವಲ್ಲ ಎಂದ ಆಜ್ಞೆಗೂ ಹೋಲಿಕೆ ಕಾಣುವ ಸ್ವಾತಂತ್ರ್ಯವಾದಿಯನ್ನು ನಾನು ತಳ್ಳಿಹಾಕಲಾರೆ.

ಹಾಗೆಂದು ರಿಸರ್ವ್ ಬ್ಯಾಂಕಿಗೆ ಬೀಗ ಹಾಕಿ ಎನ್ನುವವರ ಜೊತೆ ನಾನಿಲ್ಲ. ಕೊಳ್ಳೇಗಾಲ ಮದರಾಸು ಪ್ರಾಂತ್ಯದಲ್ಲಿದ್ದ ಕಾಲ, 1906ರ ಅಕ್ಟೋಬರಿನಲ್ಲಿ, ಮದರಾಸಿನ ಆರ್ಬತ್‌ನಾಟ್ ಎಂಬ ಹೆಸರಾಂತ ಖಾಸಗಿ ಬ್ಯಾಂಕು ಮುಳುಗಿತು. ಹಿಂದೆ ನಿಲ್ಲಲು ಆಗ ಕೇಂದ್ರ ಬ್ಯಾಂಕೂ ಇರಲಿಲ್ಲ, ಠೇವಣಿಗೆ ವಿಮೆಯೂ ಇರಲಿಲ್ಲ. ಪಿಂಚಣಿದಾರರು, ವಿಧವೆಯರು ಬೀದಿಗೆ ಬಿದ್ದರು. ಪೈಪೋಟಿಯಿಂದ ಕೆಟ್ಟ ಬ್ಯಾಂಕು ತಾನಾಗಿ ನಾಶವಾಗುತ್ತದೆ ಎಂಬುದು ಪುಸ್ತಕದಲ್ಲಿ ನಿಜ. ಅದು ನಾಶವಾಗುವಾಗ ನಮ್ಮ ಅಜ್ಜಿಯ ದುಡ್ಡು ಅದರೊಳಗಿರುತ್ತದೆ ಎಂಬುದೂ ನಿಜ.

ಒಡೆತನದ ಮಾತಿನಲ್ಲೂ ಈ ಪಂಥಕ್ಕೆ ಒಂದು ಕಣ್ಣು ಮಂಜು. ಅವರಿಗೆ ಕಾಣುವುದು ಸರ್ಕಾರ, ಇಲ್ಲವೇ ಒಬ್ಬ ವ್ಯಕ್ತಿ. ನಮ್ಮ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿಕಾಯಿ, ಪಾಚಿ ಸಂಗ್ರಹಿಸುತ್ತ ಬಂದ ಕಾಡು ಇವೆರಡರಲ್ಲಿ ಯಾವುದಕ್ಕೂ ಸೇರದು. 2006ರ ಅರಣ್ಯ ಹಕ್ಕು ಕಾಯಿದೆಯಡಿ 2011ರಲ್ಲಿ ಅವರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಅಂಥ ಹಕ್ಕು ದೇಶದಲ್ಲೇ ಮೊದಲು. ಕಾಡನ್ನು ಎಕರೆ ಎಕರೆಯಾಗಿ ಹಂಚಿ ಪಹಣಿ ಬರೆದುಕೊಟ್ಟಿದ್ದರೆ ಈ ಹೊತ್ತಿಗೆ ಅಲ್ಲಿ ರೆಸಾರ್ಟುಗಳ ಸಾಲು ಇರುತ್ತಿತ್ತು. ಹಯೆಕ್ ಸಾಲದಾದಾಗ, ಊರವರು ಸೇರಿ ಕಾಯುವ ಕೆರೆಕಾಡುಗಳ ಬಗ್ಗೆ ಬರೆದು 2009ರಲ್ಲಿ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಂ ಅವರನ್ನು ಓದಬೇಕು. ಅರ್ಥಶಾಸ್ತ್ರ ಓದುವ ಮಕ್ಕಳು ಇಬ್ಬರನ್ನೂ ಓದಲಿ.

ಇಷ್ಟನ್ನೆಲ್ಲ ಓದಿ ಬದುವಿನಲ್ಲಿ ಗಂಧ ನೆಡೋಣವೆಂದು ಹೊರಡುವ ತಂದೆತಾಯಿಯರಿಗೆ ಒಂದೆರಡು ಮಾತು. ಸಸಿಯ ಪಕ್ಕದಲ್ಲೇ ತೊಗರಿಯನ್ನೋ ಹೊಂಗೆಯನ್ನೋ ಹಾಕಿ. ಆಸರೆಯ ಗಿಡವಿಲ್ಲದೆ ಗಂಧ ಬಾಳದು. ನೆಟ್ಟ ಮರಗಳನ್ನು ಪಹಣಿಯಲ್ಲಿ ಬರೆಸಿ. ಕಡಿಯಲು, ಸಾಗಿಸಲು ಈಗ ಯಾವ ಪರವಾನಗಿ ಬೇಕು, ಯಾರಿಗೆ ಮಾರಬಹುದು ಎಂಬುದನ್ನು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ಪಡೆಯಿರಿ, ನರ್ಸರಿಯವರ ಮಾತಿನ ಮೇಲೆ ಹೋಗಬೇಡಿ. ‘ಎಕರೆಗೆ ಕೋಟಿ’ ಎಂದು ಜಾಹೀರಾತು ಕೊಡುವವರನ್ನು, ಇದುವರೆಗೆ ಎಷ್ಟು ಮರ ಕಡಿದು ಮಾರಿದ್ದೀರಿ ಸ್ವಾಮಿ ಎಂದು ಕೇಳಿ.